ಬಾಯಿ ಹೊಲಿಯದ ದಿಂಬು

ನಮ್ಮ ಕಾರ್ಖಾನೆಯಲ್ಲಿ ನಿದ್ದೆ ತಯಾರಾಗುತ್ತದೆ ಎಂದು ಹಿರಿಯಮ್ಮ ಹೇಳುತ್ತಿದ್ದರು. ತಯಾರಾಗುವುದು ಹಾಸಿಗೆ, ದಿಂಬು. ಆದರೂ ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಒಳಗೆ ಬಂದು ಒಂದು ಗಳಿಗೆ ನಿಂತರೆ ನಿಮಗೇ ತಿಳಿಯುತ್ತದೆ. ಮಾಡಿನ ಗಾಜಿನಿಂದ ಬಿಸಿಲು ಇಳಿಯುತ್ತದೆ, ಆ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿರುತ್ತವೆ. ಹತ್ತಿ ಹಿಂಜುವ ಯಂತ್ರ ಇಡೀ ದಿನ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಆಡಿದ ಮಾತೂ ಹತ್ತಿಯಲ್ಲಿ ಸುತ್ತಿಕೊಂಡು ಬಂದ ಹಾಗೆ ಮೆತ್ತಗೆ ಕೇಳಿಸುತ್ತದೆ. ಹೊಸದಾಗಿ ಸೇರಿದವರು ಮೊದಮೊದಲು ಆಕಳಿಸುತ್ತಲೇ ಇರುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ. ನನ್ನ ಅತ್ತಿಗೆಗೆ ಮಾತ್ರ ಎಷ್ಟೋ ವರ್ಷ ಕೆಲಸ ಮಾಡಿ, ಅಭ್ಯಾಸವೆಲ್ಲ ಆಗಿ ಮುಗಿದ ಮೇಲೆ ಆಕಳಿಕೆ ಶುರುವಾಯಿತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ವರ್ಷ ಕಳೆದಿದೆ. ಅತ್ತಿಗೆ ಹಿಂಜುವ ಯಂತ್ರದ ಬಾಯಿಗೆ ಹತ್ತಿ ಕೊಡುತ್ತಿದ್ದರು, ನಾನು ಆ ಕಡೆಯ ಕಿಟಕಿಯ ಕೆಳಗೆ ಕೂತು ತುಂಬಿದ ದಿಂಬುಗಳ ಬಾಯಿ ಹೊಲಿಯುತ್ತೇನೆ. ಎಲ್ಲರೂ ನನ್ನನ್ನು ಸೂಜಿ ಎನ್ನುತ್ತಾರೆ. ಕೆಲಸ ನೋಡಿ ಇಟ್ಟ ಹೆಸರು ಎಂದು ನಾನು ಹೇಳುತ್ತೇನೆ, ನಾಲಿಗೆ ನೋಡಿ ಇಟ್ಟದ್ದು ಎಂದು ಅತ್ತಿಗೆ ಹೇಳುತ್ತಾರೆ. ನಾನು ಕೆಳಗಿನ ಬೀದಿಯಲ್ಲಿ ಒಬ್ಬಳೇ, ಅವರು ಮೇಲಿನ ಬೀದಿಯಲ್ಲಿ ಒಬ್ಬರೇ. ಒಟ್ಟಿಗೆ ಇರಬಾರದೇ ಎಂದು ಕೇಳದ ಜನವಿಲ್ಲ. ನಾವಿಬ್ಬರೂ ಒಂದೇ ಸೂರಿನಡಿ ಸೇರಿದರೆ ಸೂರೇ ಎದ್ದು ಓಡಿಹೋಗುತ್ತದೆ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತಿದ್ದೆವು. ನಾವು ಒಂದೇ ಬಾಯಲ್ಲಿ ಹೇಳಿದ ಮಾತು ಬಹುಶಃ ಅದೊಂದೇ.

ನಮ್ಮದು ದೇವರ ಹೆಸರು ಹೇಳಿ ಬಾಗಿಲು ತೆರೆಯುವ ಜಾಗ. ಯಾರ ದೇವರು, ಎಂಥ ದೇವರು ಎಂದು ಕೇಳುವ ಪದ್ಧತಿ ಇಲ್ಲ. ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಒಂದು ದೀಪ, ಒಂದು ಚಾಪೆ, ಅಷ್ಟೆ. ಬೆಳಿಗ್ಗೆ ಎಲ್ಲರೂ ಅಲ್ಲಿ ಸುಮ್ಮನೆ ಕೂತು, ಎದ್ದು ಕೆಲಸಕ್ಕೆ ಹೋಗುತ್ತೇವೆ. ಕಾರ್ಖಾನೆ ಕಟ್ಟಿದ ಹಿರಿಯಮ್ಮ ಮಾಡಿಟ್ಟ ಕ್ರಮ ಅದು. ಹಿರಿಯಮ್ಮ ಈಗಿಲ್ಲ, ಅವರ ಮಗ ನಡೆಸುತ್ತಾರೆ. ಯಜಮಾನರು ಎಂದರೆ ಈಗ ಅವರೇ. ದೇವರಂಥ ಮನುಷ್ಯ ಎಂದು ಜನ ಹೇಳುತ್ತಾರೆ. ದೇವರ ಹಾಗೆಯೇ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ.

ಹಿರಿಯಮ್ಮ ಮಾಡಿಟ್ಟ ಇನ್ನೊಂದು ಕ್ರಮವಿದೆ, ಮುಷ್ಟಿದಿಂಬು. ಯಾರೇ ಕೆಲಸ ಬಿಟ್ಟು ಹೋಗಲಿ, ವಯಸ್ಸಾಗಿ ಹೋಗಲಿ, ಜಗಳವಾಡಿ ಹೋಗಲಿ, ನಾವೇ ಕಳಿಸಲಿ, ಅವರ ಮಡಿಲಲ್ಲಿ ಒಂದು ಖಾಲಿ ದಿಂಬಿನ ಚೀಲ ಇಡುತ್ತೇವೆ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಒಂದೊಂದು ಮುಷ್ಟಿ ಹತ್ತಿ ಹಾಕಬೇಕು. ಹಾಕುವಾಗ ಹೋಗುವವರ ಮುಖ ನೋಡಿ ಒಂದು ನಿಜ ಹೇಳಬೇಕು. ಕಳಿಸುವವರು ಯಾರೋ ಅವರದು ಎಲ್ಲರ ಹಿಂದೆ, ಆಮೇಲೆ ಬಾಯಿ ಹೊಲಿಯುವವಳದು. ಎಲ್ಲರ ಮುಷ್ಟಿಯೂ ಬೀಳದೆ ದಿಂಬಿನ ಬಾಯಿ ಹೊಲಿಯುವ ಹಾಗಿಲ್ಲ. ಹೊಲಿಯುವ ತನಕ ಅವರು ಕೆಲಸ ಬಿಟ್ಟವರಲ್ಲ. ಹೊಲಿದಾದ ಮೇಲೆ ಅವರು ಮುಂಬಾಗಿಲಿಂದ ಹೊರಗೆ ಹೋಗುತ್ತಾರೆ, ಉಳಿದವರೆಲ್ಲ ಎದ್ದು ನಿಂತಿರುತ್ತೇವೆ.

ಈ ಕ್ರಮ ಯಾಕೆ ಬಂತೆಂದು ಹಿರಿಯಮ್ಮನೇ ಒಮ್ಮೆ ನನಗೆ ಹೇಳಿದ್ದರು. ಚಿಕ್ಕ ವಯಸ್ಸಿನಲ್ಲಿ ಅವರು ಎಲ್ಲೋ ಕೆಲಸಕ್ಕಿದ್ದರಂತೆ. ಒಂದು ಬೆಳಿಗ್ಗೆ ಗೇಟಿನವನು ಅಡ್ಡ ಕೈ ಹಿಡಿದು, ಇವತ್ತಿಂದ ಬರಬೇಡ ಎಂದನಂತೆ. "ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ ಕಣೆ. ದಿಂಬಿಗೆ ತಲೆ ಕೊಟ್ರೆ ಸಾಕು, ಅದೇ ಪ್ರಶ್ನೆ. ಹೋಗೋರ ತಲೆ ದಿಂಬಿನ ಮೇಲೆ ನಿಲ್ಲಬೇಕು ಅಂದ್ರೆ ಅವರಿಗೆ ನಿಜ ಗೊತ್ತಿರಬೇಕು. ಇಷ್ಟೂ ಆಗದೆ ಇದ್ರೆ ಆ ದೀಪಕ್ಕೆ ಎಣ್ಣೆ ಯಾಕೆ ದಂಡ ಮಾಡೋದು?" ಎಂದಿದ್ದರು.

ಅವರು ಹೋದ ಮೇಲೆ ಕ್ರಮ ಉಳಿಯಿತು, ಆದರೆ ಅದರೊಳಗಿನ ಗಟ್ಟಿ ಕರಗಿಹೋಯಿತು. ಒಂದು ನಿಜ ಹೇಳುವ ಜಾಗದಲ್ಲಿ ಒಂದು ಒಳ್ಳೆಯ ಮಾತು ಬಂದು ಕೂತಿತು. ಜಗಳಗಂಟನಿಗೂ ನಿಮ್ಮಂಥವರು ಸಿಗೋದಿಲ್ಲ ಎನ್ನುತ್ತಿದ್ದೆವು. ಯಾರಿಗೂ ಅದರಿಂದ ನಷ್ಟವಾಗಲಿಲ್ಲ ಎಂದುಕೊಂಡಿದ್ದೆವು.

ಈಗ ಅತ್ತಿಗೆಯ ನಿದ್ದೆಯ ವಿಷಯಕ್ಕೆ ಬರುತ್ತೇನೆ. ಯಂತ್ರದ ಒಳಗೆ ಮುಳ್ಳಿನ ಉರುಳೆ ಇದೆ. ಅದಕ್ಕೆ ಹತ್ತಿ ಸುತ್ತಿಕೊಂಡಾಗ, ಗುಡಿಸುವ ಪೊರಕೆ ಅಕ್ಕ ಕೈ ಹಾಕಿ ಬಿಡಿಸಬೇಕು. ಅಷ್ಟು ಹೊತ್ತು ಅತ್ತಿಗೆ ಉರುಳೆಯ ಹಿಡಿಯನ್ನು ಮೇಲೆತ್ತಿ ಹಿಡಿದಿರಬೇಕು. ಆವತ್ತೂ ಹಿಡಿದಿದ್ದರು. ಹಿಡಿದುಕೊಂಡೇ ನಿದ್ದೆಗೆ ಜಾರಿದರು. ಹಿಡಿ ಕೈಯಿಂದ ಜಾರಿ ಉರುಳೆ ತಿರುಗಿತು. ಪೊರಕೆ ಅಕ್ಕನ ರವಿಕೆಯ ತೋಳು ಮುಳ್ಳಿಗೆ ಸಿಕ್ಕಿ ಮೊಣಕೈ ತನಕ ಪರ್ ಎಂದು ಹರಿಯಿತು. ಮೇಸ್ತ್ರಿ ಓಡಿಬಂದು ವಿದ್ಯುತ್ತು ತೆಗೆದದ್ದರಿಂದ ಕೈ ಉಳಿಯಿತು. ಯಂತ್ರ ನಿಂತು ಎಲ್ಲ ಗಪ್‌ಚಿಪ್ ಆದಾಗ ಅತ್ತಿಗೆ ಕಣ್ಣು ಬಿಟ್ಟರು. ಸುತ್ತ ನಿಂತ ನಮ್ಮನ್ನೆಲ್ಲ ನೋಡಿ, "ಏನು, ಊಟದ ಹೊತ್ತಾಯ್ತಾ?" ಎಂದು ಕೇಳಿದರು.

ಪೊರಕೆ ಅಕ್ಕ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ಆಮೇಲೆ ಯಜಮಾನರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಹೌದಮ್ಮ, ಆಯ್ತು," ಎಂದರು.

ಎಲ್ಲರೂ ಹೋಗಿ ಕೈ ತೊಳೆದು ಬುತ್ತಿ ಬಿಚ್ಚಿದೆವು. ಹಸಿವೇ ಇರಲಿಲ್ಲ. ಪೊರಕೆ ಅಕ್ಕ ಹರಿದ ರವಿಕೆಯ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅತ್ತಿಗೆ, ಇವತ್ತೇನು ಎಲ್ಲರಿಗೂ ಬೇಗ ಹಸಿವು, ಎಂದು ನಗೆಯಾಡಿದರು. ನಾವೂ ನಕ್ಕೆವು. ಗಂಡನನ್ನು ಕಳೆದುಕೊಂಡ ಹೆಂಗಸು, ಪಾಪ, ಇನ್ನೊಂದು ನೋವು ಯಾಕೆ ಎಂದು ಎಲ್ಲರ ಲೆಕ್ಕ. ದೇವರಲ್ಲಿ ನಂಬಿಕೆಯಿಟ್ಟ ಜನ ನಾವು, ನೋಯಿಸಬಾರದು ಎನ್ನುವುದರಲ್ಲಿ ಬಹಳ ಗಟ್ಟಿಗರು. ಆಮೇಲೆಯೂ ಅತ್ತಿಗೆ ಅದೇ ಯಂತ್ರದ ಮುಂದೆ ಕೂತರು, ಮೇಸ್ತ್ರಿ ಪಕ್ಕದಲ್ಲೇ ಕಾವಲು ನಿಂತ. ಅವನಿಗೂ ಕೆಲಸ ಸಾಗಲಿಲ್ಲ, ನಮಗೂ ಕೈ ಓಡಲಿಲ್ಲ.

ಕಡೆಗೆ ಯಜಮಾನರು ಅತ್ತಿಗೆಯನ್ನು ದೀಪದ ಕೋಣೆಗೆ ಕರೆದರು. ಬಾಗಿಲು ತೆರೆದೇ ಇತ್ತು, ನನ್ನ ಕಿವಿಯೂ ತೆರೆದೇ ಇತ್ತು.

"ಅಮ್ಮ, ದೇವರು ನಿಮಗೆ ವಿಶ್ರಾಂತಿ ದಯಪಾಲಿಸಿದ್ದಾನೆ," ಎಂದರು ಯಜಮಾನರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾದ ದನಿ.

"ನಾನು ಕೇಳಿರಲಿಲ್ಲವಲ್ಲ," ಎಂದರು ಅತ್ತಿಗೆ.

"ಎಲ್ಲ ಅವನ ಚಿತ್ತ."

"ಕೆಲಸದಿಂದ ತೆಗೀತಿದ್ದೀರಾ?"

"ಹಾಗಲ್ಲ ಅಮ್ಮ. ನಿಮಗೆ ಬರಬೇಕಾದದ್ದೆಲ್ಲ ಬರುತ್ತೆ. ನಮ್ಮ ಪ್ರಾರ್ಥನೆ ಯಾವಾಗಲೂ ನಿಮ್ಮ ಜೊತೆಗಿರುತ್ತೆ."

"ಯಾಕೆ ತೆಗೀತಿದ್ದೀರಿ ಅಂತ ಹೇಳಿ."

ಯಜಮಾನರು ಕೈ ಜೋಡಿಸಿ ಕಣ್ಣು ಮುಚ್ಚಿದರು. ಅತ್ತಿಗೆ ಸ್ವಲ್ಪ ಹೊತ್ತು ಕಾದರು. ಕಣ್ಣು ತೆರೆಯುವ ಲಕ್ಷಣ ಕಾಣಲಿಲ್ಲ. ಎದ್ದು ಹೊರಗೆ ಬಂದು, "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾನೆ ಹುಡುಗ," ಎಂದು ನನಗೆ ಹೇಳಿದರು. ಕಣ್ಣು ಕೆಂಪಾಗಿತ್ತು. "ಸೂಜಿ, ನಾನೇನು ಮಾಡಿದೆ ಕಣೆ?"

ನನ್ನ ಬಾಯಿ ಇಷ್ಟುದ್ದ ಎಂದು ಹೆಸರು. ಆ ಹೊತ್ತಿಗೆ ಅದಕ್ಕೆ ಬೀಗ ಬಿತ್ತು. ಕಳಿಸುವವರು ಹೇಳಲಿ, ನಾನ್ಯಾಕೆ ಹೇಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಮುಷ್ಟಿದಿಂಬು. ಅತ್ತಿಗೆ ತೊಳೆದ ಸೀರೆಯುಟ್ಟು, ಮಡಿಲಲ್ಲಿ ಖಾಲಿ ಚೀಲವಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ನಾವೆಲ್ಲ ಸಾಲಾಗಿ ನಿಂತೆವು. ಬಿಸಿಲು ಅವರ ತಲೆಯ ಮೇಲೆ ಬಿದ್ದಿತ್ತು, ಕೂದಲಿಗೆ ಅಂಟಿದ ಹತ್ತಿ ಯಾವುದು, ನರೆ ಯಾವುದು ತಿಳಿಯುತ್ತಿರಲಿಲ್ಲ. ಮೇಸ್ತ್ರಿ ಒಂದು ಮುಷ್ಟಿ ಹಾಕಿ, "ನಿಮ್ಮ ಕೈ ಬಂಗಾರದ ಕೈ ಅಕ್ಕ," ಎಂದ. ಪೊರಕೆ ಅಕ್ಕ, "ನಿಮ್ಮನ್ನ ಮರೆಯೋಕಾಗಲ್ಲ," ಎಂದಳು. ಅದಂತೂ ನಿಜವೇ ಇರಬೇಕು. ಎಲ್ಲರೂ ಜೇನಲ್ಲಿ ಅದ್ದಿ ಒಂದೊಂದು ಮಾತು ಹೇಳಿದರು. ಅತ್ತಿಗೆ ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದರು. ಯಾರಾದರೊಬ್ಬರು ಹೇಳಿಬಿಡುತ್ತಾರೇನೋ ಎಂದು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಕೊನೆಗೆ ಯಜಮಾನರು ಬಂದರು. ಮುಷ್ಟಿ ತುಂಬ ಹತ್ತಿ ಹಿಡಿದು ಕಣ್ಣು ಮುಚ್ಚಿ, "ದೇವರು ಒಳ್ಳೆಯದು ಮಾಡಲಿ," ಎಂದು ಚೀಲಕ್ಕೆ ಹಾಕಿದರು.

ನಾನು ಸೂಜಿಗೆ ದಾರ ಪೋಣಿಸಿ ಹೆಜ್ಜೆ ಮುಂದಿಟ್ಟಿದ್ದೆ. ಅತ್ತಿಗೆ ಚೀಲದೊಳಗೆ ಕೈ ಹಾಕಿ, ಈಗಷ್ಟೇ ಬಿದ್ದ ಆ ಮುಷ್ಟಿಯನ್ನು ಹೊರತೆಗೆದು, ಯಜಮಾನರ ಅಂಗೈಯಲ್ಲಿ ವಾಪಸ್ ಇಟ್ಟರು.

"ಇದು ದೇವರದು. ಅವನದು ಅವನು ಹಾಕ್ಕೊಳ್ತಾನೆ. ನಿಮ್ಮದು ಹಾಕಿ," ಎಂದರು.

ಯಜಮಾನರ ಮುಖ ಬಿಳಿಚಿಕೊಂಡಿತು. ಹತ್ತಿಯನ್ನು ಹಿಡಿದುಕೊಂಡೇ ದೀಪದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಕಾದೆವು. ಅವರು ಬರಲಿಲ್ಲ. ದಿಂಬು ಬಾಯಿ ತೆರೆದೇ ಉಳಿಯಿತು.

ಆಮೇಲಿನ ದಿನಗಳು ನನಗೆ ಕನಸಿನಲ್ಲಿ ನಡೆದ ಹಾಗೆ ನೆನಪಿವೆ. ಅತ್ತಿಗೆ ದಿನವೂ ಬೆಳಿಗ್ಗೆ ಬರುತ್ತಿದ್ದರು. ದಿಂಬು ಹೊಲಿದಿಲ್ಲ, ಆದ್ದರಿಂದ ಅವರು ಕೆಲಸ ಬಿಟ್ಟವರಲ್ಲ. ಯಂತ್ರದ ಹತ್ತಿರ ಅವರಿಗೆ ಜಾಗವಿಲ್ಲ, ಆದ್ದರಿಂದ ಕೆಲಸದವರೂ ಅಲ್ಲ. ದೀಪದ ಕೋಣೆಯ ಎದುರಿನ ಬೆಂಚಿನ ಮೇಲೆ, ಅರ್ಧ ತುಂಬಿದ ದಿಂಬನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಯಂತ್ರದ ಗುಂಯ್ ಸದ್ದು ಶುರುವಾಗುತ್ತಿದ್ದ ಹಾಗೆ ಅವರ ತಲೆ ಮೆಲ್ಲನೆ ಬಾಗುತ್ತಿತ್ತು. ಕೂತಲ್ಲೇ ನಿದ್ದೆ. ಎಂಥ ನಿದ್ದೆ ಅಂತೀರಿ, ಹಸುಗೂಸಿನ ನಿದ್ದೆ. ತುಟಿ ಸ್ವಲ್ಪ ತೆರೆದಿರುತ್ತಿತ್ತು, ದಿಂಬಿನ ಬಾಯಿಯೂ ತೆರೆದಿರುತ್ತಿತ್ತು. ಆ ಬಾಯಿಯಿಂದ ಒಂದೊಂದು ಎಳೆ ಹತ್ತಿ ಎದ್ದು ಗಾಳಿಯಲ್ಲಿ ತೇಲುತ್ತಿತ್ತು. ನಾವು ಅವರ ಪಕ್ಕದಿಂದ ಹೋಗುವಾಗ ಕಾಲ್ಬೆರಳ ಮೇಲೆ ನಡೆಯುತ್ತಿದ್ದೆವು. ದನಿ ತಗ್ಗಿಸಿ, ತಗ್ಗಿಸಿ, ಕೊನೆಗೆ ಇಡೀ ಕಾರ್ಖಾನೆಯಲ್ಲಿ ಬರೀ ತುಟಿಗಳೇ ಅಲ್ಲಾಡುತ್ತಿದ್ದವು. ಒಂದು ಮಧ್ಯಾಹ್ನ ನಾನೂ ಸೂಜಿ ಹಿಡಿದೇ ತೂಕಡಿಸಿದೆ. ಆ ದಿಂಬಿನ ಬಾಯಿ ದೊಡ್ಡದಾಗುತ್ತ ದೊಡ್ಡದಾಗುತ್ತ ಬಾಗಿಲಿನಷ್ಟಾಗಿ, ಅತ್ತಿಗೆ ಅದರೊಳಗೆ ಮೆಲ್ಲನೆ ನಡೆದುಹೋಗುತ್ತಿದ್ದ ಹಾಗೆ ಕಂಡಿತು. ಕೂಗಬೇಕೆಂದರೆ ನನ್ನ ಬಾಯಿಯನ್ನು ಯಾರೋ ಹೊಲಿದುಬಿಟ್ಟಿದ್ದರು. ಬೆಚ್ಚಿ ಎದ್ದೆ. ಸೂಜಿ ಬೆರಳಿಗೆ ಚುಚ್ಚಿತ್ತು.

ನಡುವೆ ಒಂದು ತಮಾಷೆಯೂ ಆಯಿತು. ಮುಷ್ಟಿ ವಾಪಸ್ ಕೊಟ್ಟದ್ದನ್ನು ನೋಡಿ ಕೆಲವರಿಗೆ ಒಳಗೇ ಚುಚ್ಚುತ್ತಿತ್ತು. ಮೇಸ್ತ್ರಿ ಮೊದಲು ಬಂದ. ಮೀಸೆ ತಿರುವುತ್ತ, "ಅಕ್ಕ, ನಂದು ಸ್ವಲ್ಪ ತೆಗೆದು ಮತ್ತೆ ಹಾಕಲಾ?" ಎಂದ.

"ಹಾಕಪ್ಪ," ಎಂದರು ಅತ್ತಿಗೆ.

"ನೀವು ಕೆಲಸ ಮಾಡುವಾಗ ಹಾಡ್ತೀರಲ್ಲ. ಒಂದೇ ಹಾಡು, ಅದೂ ಅರ್ಧ. ನನಗೆ ತಲೆ ಚಿಟ್ಟು ಹಿಡಿಯುತ್ತೆ."

"ಇಷ್ಟು ವರ್ಷ ಹೇಳಲಿಲ್ವಲ್ಲೋ ಮಾರಾಯ," ಎಂದು ಅತ್ತಿಗೆ ಮನಸಾರೆ ನಕ್ಕರು. ಆಮೇಲೆ ಲೆಕ್ಕ ಬರೆಯುವವನು ಬಂದು, ನೀವು ನನ್ನ ಕೊಡೆ ತಗೊಂಡು ಹೋಗಿ ಕೊಟ್ಟೇ ಇಲ್ಲ ಎಂದ. ಹೊರೆ ಹೊರುವವನು ಬಂದು, ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನೀವೊಬ್ಬರೇ ಬಂದು ನೋಡಿದ್ದು, ಆವತ್ತು ಹೇಳಬೇಕಿತ್ತು, ಹೇಳಲಿಲ್ಲ ಎಂದು ಕಣ್ಣೊರೆಸಿಕೊಂಡ. ದಿಂಬು ನಿಜವಾಗಿ ತುಂಬತೊಡಗಿತು. ಆದರೆ ತೋಳಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಪೊರಕೆ ಅಕ್ಕ ಆ ಬೆಂಚಿನ ಕಡೆ ಸುಳಿಯಲೇ ಇಲ್ಲ. ಅತ್ತಿಗೆಯ ನಗು ಬೇಗ ಆರುತ್ತಿತ್ತು. "ಹಾಡಿಗೂ ಕೊಡೆಗೂ ಯಾರನ್ನೂ ಕೆಲಸದಿಂದ ತೆಗೆಯೋದಿಲ್ಲ ಕಣೆ ಸೂಜಿ," ಎಂದರು ನನ್ನ ಹತ್ತಿರ. "ನಾನೇನೋ ದೊಡ್ಡದು ಮಾಡಿದ್ದೀನಿ. ಕಳ್ಳತನ ಅಂತ ತಿಳ್ಕೊಂಡಿದ್ದಾರಾ? ನನ್ನನ್ನ ಕಳ್ಳಿ ಅಂತ ಕಳಿಸ್ತಿದ್ದಾರಾ?"

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಹೋಗಿ ದೀಪದ ಕೋಣೆಯ ಬಾಗಿಲು ತಳ್ಳಿದೆ. ಯಜಮಾನರು ಚಾಪೆಯ ಮೇಲೆ ಕೂತಿದ್ದರು. ಆ ಹತ್ತಿ ಮುಷ್ಟಿ ಇನ್ನೂ ಅವರ ಎದುರಿಗೇ ಇತ್ತು, ಬೆವರಿಗೆ ಮುದ್ದೆಯಾಗಿತ್ತು.

"ಸೂಜಕ್ಕ, ಪ್ರಾರ್ಥನೆ ಮಾಡ್ತಿದ್ದೀನಿ," ಎಂದರು. "ಸರಿಯಾದ ಮಾತು ಸಿಗಲಿ ಅಂತ."

"ಮಾತು ನಿಮ್ಮ ಬಾಯಲ್ಲೇ ಇದೆಯಲ್ಲ. ದೇವರನ್ನ ಯಾಕೆ ನಡುವೆ ಎಳೀತೀರಿ?"

"ಹೇಳಿದ್ರೆ ಅವರ ಮನಸ್ಸು ಒಡೆದುಹೋಗುತ್ತೆ."

"ಹೇಳದೆ ಇರೋದ್ರಿಂದ ಅವರು ತಮ್ಮನ್ನ ತಾವೇ ಕಳ್ಳಿ ಅಂದ್ಕೊಂಡು ಕೂತಿದ್ದಾರೆ. ಅದು ಒಡೆದದ್ದಲ್ವಾ?"

ಅವರು ತಲೆ ತಗ್ಗಿಸಿದರು. "ನಾನು ಕೆಟ್ಟವನಾಗ್ತೀನಿ ಅಕ್ಕ," ಎಂದರು ತುಂಬ ಮೆತ್ತಗೆ. ಮೊದಲ ಸಲ ಆ ಬಾಯಿಂದ ನೇರವಾದ ಮಾತು ಬಂತು. ನನಗೆ ಕೋಪ ಇಳಿದು ಅಯ್ಯೋ ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ.

"ಆಗಿ. ಅವರನ್ನ ಕಳಿಸಬೇಕು, ಅದು ಸರಿಯೇ. ಯಾರ ತೋಳಾದ್ರೂ ಹೋಗೋಕೆ ಮುಂಚೆ ಕಳಿಸಲೇಬೇಕು. ಆದ್ರೆ ಕಳಿಸ್ತಿರೋದು ನೀವು. ಕೆಟ್ಟವರಾಗೋದನ್ನ ದೇವರ ತಲೆಗೆ ಕಟ್ಟಿ, ಒಳ್ಳೆಯವರಾಗೋದನ್ನ ನೀವು ಇಟ್ಕೊಂಡ್ರೆ ಹೇಗೆ? ಆ ದೀಪದ ಮುಂದೆ ಕೂತು ಇದನ್ನ ಕೇಳಿ ನೋಡಿ."

ಇಷ್ಟು ಹೇಳಿ ಹೊರಗೆ ಬಂದೆ. ಇಂಥ ಮಾತಾಡಿದ್ದಕ್ಕೆ ನನಗೂ ಒಂದು ಖಾಲಿ ಚೀಲ ತಯಾರಾಗುತ್ತದೆ ಎಂದುಕೊಂಡೆ.

ಆ ಮಧ್ಯಾಹ್ನ ಯಜಮಾನರು ಹೊರಗೆ ಬಂದು, ಯಂತ್ರ ನಿಲ್ಲಿಸಲು ಮೇಸ್ತ್ರಿಗೆ ಸನ್ನೆ ಮಾಡಿದರು. ಸದ್ದು ನಿಂತ ಕೂಡಲೆ ಅತ್ತಿಗೆ ಕಣ್ಣು ಬಿಟ್ಟರು. ಸುತ್ತ ಎಲ್ಲರೂ ಎದ್ದು ನಿಂತಿದ್ದರು. ಯಜಮಾನರು ಬೆಂಚಿನ ಕೆಳಗೆ, ಹತ್ತಿಯ ಧೂಳಿನ ನೆಲದ ಮೇಲೆ ಕೂತರು. ಈ ಸಲ ಕಣ್ಣು ಮುಚ್ಚಲಿಲ್ಲ.

"ಅಮ್ಮ, ಹೋದ ತಿಂಗಳು ಯಂತ್ರ ನಿಂತು, ನೀವು ಊಟದ ಹೊತ್ತಾಯ್ತಾ ಅಂತ ಕೇಳಿದ್ರಲ್ಲ. ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ. ಹಿಡಿ ಹಿಡ್ಕೊಂಡೇ ನಿಮಗೆ ನಿದ್ದೆ ಬಂದಿತ್ತು. ಹಿಡಿ ಬಿಟ್ಟುಹೋಯ್ತು. ಇವರ ಕೈ ಒಳಗಿತ್ತು."

ಅವರು ಪೊರಕೆ ಅಕ್ಕನ ಕಡೆ ನೋಡಿದರು.

"ನೀವು ಯಂತ್ರದ ಮುಂದೆ ನಿದ್ದೆ ಮಾಡ್ತೀರಿ. ಅದು ಒಂದು ಸಲ ಅಲ್ಲ. ಬೇರೆ ಕೆಲಸ ಕೊಡೋಣ ಅಂದ್ರೆ ಇಲ್ಲಿ ಎಲ್ಲ ಕಡೆ ಕತ್ತರಿ, ಸೂಜಿ. ಹೊರೆ ಎತ್ತೋಕೆ ನಿಮ್ಮ ಸೊಂಟಕ್ಕೆ ಆಗೋದಿಲ್ಲ. ಅದಕ್ಕೆ ಕಳಿಸ್ತಿದ್ದೀನಿ. ದೇವರಲ್ಲ ಅಮ್ಮ, ನಾನು ಕಳಿಸ್ತಿರೋದು."

ಮುಷ್ಟಿಯ ಹತ್ತಿಯನ್ನು ದಿಂಬಿಗೆ ಹಾಕಿ, ಕೈ ಹಿಂದೆ ತೆಗೆಯದೆ ಅಲ್ಲೇ ಇಟ್ಟುಕೊಂಡು ಕಾದರು.

ಅತ್ತಿಗೆ ದಿಂಬನ್ನು ಬೆಂಚಿನ ಮೇಲಿಟ್ಟು ಎದ್ದು ಪೊರಕೆ ಅಕ್ಕನ ಹತ್ತಿರ ಹೋದರು. "ಯಾವ ಕೈ?" ಎಂದರು. ಪೊರಕೆ ಅಕ್ಕ ಬಲಗೈ ಚಾಚಿದಳು. ಅತ್ತಿಗೆ ಆ ತೋಳನ್ನು ಭುಜದಿಂದ ಹಿಡಿದು ಮುಂಗೈ ತನಕ ಮೆಲ್ಲಗೆ ಸವರಿದರು, ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಎಲ್ಲ ಇದ್ದವು. ಅವರ ಮುಖ ನೋಡಲಾಗಲಿಲ್ಲ ನನಗೆ.

ತಿರುಗಿ ನಮ್ಮೆಲ್ಲರನ್ನೂ ನೋಡಿ ಕೇಳಿದರು, "ಇದು ಗೊತ್ತಿದ್ದೂ ನನ್ನನ್ನ ಮತ್ತೆ ಅದೇ ಯಂತ್ರದ ಮುಂದೆ ಕೂರಿಸಿದ್ರಾ? ನನಗೆ ನೋವಾಗುತ್ತೆ ಅಂತ?"

ನಾವು ಎಂಥ ಒಳ್ಳೆಯವರು ಎಂದು ಆವತ್ತು ನಮಗೆ ಗೊತ್ತಾಯಿತು.

ಅತ್ತಿಗೆ ವಾಪಸ್ ಬಂದು ಕೂತರು. ದನಿ ಸಣ್ಣದಾಗಿತ್ತು. "ನನ್ನದೂ ಒಂದು ನಿಜ ಇದೆ. ಈ ಸೂಜಿಯ ಅಣ್ಣ ಹೋದಾಗಿಂದ ಮನೇಲಿ ಕಣ್ಣಿಗೆ ಕಣ್ಣು ಹತ್ತೋದಿಲ್ಲ. ಅವರ ಗೊರಕೆಗೆ ಬೈಕೊಂಡು ಬೈಕೊಂಡೇ ಬಾಳೆಲ್ಲ ಮಲಗಿದೆ. ಈಗ ಮನೆ ಅಷ್ಟು ಸದ್ದಿಲ್ಲದೆ ಇದ್ರೆ ಭಯ ಆಗುತ್ತೆ. ಇಲ್ಲಿ ಬಂದು ಈ ಯಂತ್ರದ ಸದ್ದು, ನಿಮ್ಮೆಲ್ಲರ ಗಲಾಟೆ ಕಿವಿಗೆ ಬಿದ್ರೆ, ಮೈ ತಾನಾಗೇ ಬಿಟ್ಟುಹೋಗುತ್ತೆ. ನನಗೆ ನಿದ್ದೆ ಬರೋದು ಇಲ್ಲಿ ಮಾತ್ರ."

ಯಜಮಾನರ ಕಣ್ಣು ತುಂಬಿತು. "ಹಾಗಿದ್ರೆ ದಿನಾ ಬನ್ನಿ ಅಮ್ಮ. ದೀಪದ ಕೋಣೇಲಿ ಚಾಪೆ ಇದೆ, ಮಧ್ಯಾಹ್ನ ಅಲ್ಲೇ ಮಲಗಿ. ಯಾರೂ ಏನೂ ಅನ್ನೋದಿಲ್ಲ."

"ಕೆಲಸ ಇಲ್ಲದ ಕಡೆ ಬಂದು ಮಲಗೋಕೆ ನಾನೇನು ಬೆಕ್ಕಾ?" ಎಂದರು ಅತ್ತಿಗೆ. ಬೈಗುಳ ಅಲ್ಲ, ಆದರೂ ದನಿಯಲ್ಲಿ ಬೆನ್ನು ನೆಟ್ಟಗಾಗಿತ್ತು. "ನಿಮ್ಮ ಮನಸ್ಸು ದೊಡ್ಡದು. ಆದ್ರೆ ಕಳಿಸೋದಾದ್ರೆ ಪೂರ್ತಿ ಕಳಿಸಿ. ಅರ್ಧ ಕಳಿಸಬೇಡಿ." ಆಮೇಲೆ ಸ್ವಲ್ಪ ತಡೆದು, "ನನ್ನ ಕೆಲಸ ಹೇಗಿತ್ತು, ಅದನ್ನೂ ಹೇಳಿಬಿಡಿ," ಎಂದರು.

"ನಿದ್ದೆ ಬರೋ ತನಕ ನಿಮ್ಮಷ್ಟು ಚೆನ್ನಾಗಿ ಹತ್ತಿ ಕೊಡೋರು ಇರಲಿಲ್ಲ."

"ಹಾಂ. ಇದನ್ನ ನಂಬ್ತೀನಿ. ಅದನ್ನ ಹೇಳಿದ ಬಾಯಲ್ಲೇ ಇದನ್ನೂ ಹೇಳಿದ್ರಲ್ಲ," ಎಂದು ದಿಂಬಿನ ಬಾಯನ್ನು ನನ್ನ ಕಡೆ ತಿರುಗಿಸಿದರು.

ನನ್ನ ಸರದಿ. ಹತ್ತಿ ಹಿಡಿದು ಅವರೆದುರು ಮೊಣಕಾಲೂರಿದೆ. ಚೇಷ್ಟೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. "ಒಂದು ಬೀದಿ ಆಚೆ ನೀವು ನಿದ್ದೆಯಿಲ್ಲದೆ ಕೂತಿರ್ತಿದ್ರಿ, ನನಗೆ ಗೊತ್ತೇ ಇರಲಿಲ್ಲ ಅತ್ತಿಗೆ. ಆ ತೋಳಿನ ವಿಷಯ ನನಗೂ ಹೇಳೋಕಾಗಲಿಲ್ಲ. ಇವತ್ತು ನಮ್ಮನೆಗೆ ಬನ್ನಿ."

"ಒಂದು ನಿಜ ಹೇಳು ಅಂದ್ರೆ ಮೂರು ಹೇಳ್ತಾಳೆ," ಎಂದರು ಅತ್ತಿಗೆ. ಬರುವುದಿಲ್ಲ ಎನ್ನಲಿಲ್ಲ.

ಹೊಲಿದೆ. ಬಿಡಿಬಿಡಿ ಹೊಲಿಗೆ ಹಾಕಲಿಲ್ಲ, ಒತ್ತಾಗಿ ಹಾಕಿದೆ. ದಾರ ಹಲ್ಲಿನಲ್ಲಿ ಕಡಿದಾಗ ಪೊರಕೆ ಅಕ್ಕ ಹೋಗಿ ಮುಂಬಾಗಿಲು ತೆರೆದಳು. ಅತ್ತಿಗೆ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಯಾರನ್ನೂ ತಿರುಗಿ ನೋಡದೆ, ಬೀದಿಯ ಬಿಸಿಲಿಗೆ ಇಳಿದರು. ನಾವೆಲ್ಲ ನಿಂತೇ ಇದ್ದೆವು. ಅವರು ತಿರುವು ದಾಟುವ ತನಕ ಯಂತ್ರ ಶುರು ಮಾಡಬೇಡ ಎಂದು ಯಜಮಾನರು ಮೇಸ್ತ್ರಿಗೆ ಹೇಳಿದರು.

ಸಂಜೆ ನಾನು ಮನೆಗೆ ಬಂದಾಗ ಅತ್ತಿಗೆ ಆಗಲೇ ನನ್ನ ಅಡುಗೆಮನೆಯ ಡಬ್ಬಿಗಳನ್ನು ತಮಗೆ ಬೇಕಾದ ಹಾಗೆ ಜೋಡಿಸಿಟ್ಟಿದ್ದರು. ಅದಕ್ಕೊಂದು ಜಗಳವಾಯ್ತು. ಊಟ ಮುಗಿಸಿ ಅವರು ಮಂಚದ ಮೇಲೆ ಮಲಗಿದರು. ಇನ್ನೂ ಬೆಳಕಿತ್ತು. ಬೀದಿಯ ಸದ್ದು ಒಂದೊಂದಾಗಿ ಅಡಗುತ್ತಿತ್ತು. ಅವರು ಒಮ್ಮೆ ಆ ಮಗ್ಗುಲು, ಒಮ್ಮೆ ಈ ಮಗ್ಗುಲು. ನಿಟ್ಟುಸಿರು ಕೇಳಿಸುತ್ತಿತ್ತು. ನಾನು ಎದ್ದು ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆದು, ಕೂತು, ತುಳಿಯತೊಡಗಿದೆ. ಗಡಗಡ ಸದ್ದು ಕೋಣೆ ತುಂಬಿತು.

"ಏನ್ ಹೊಲೀತಿದ್ದೀಯೆ ಈಗ?" ಎಂದರು ಅತ್ತಿಗೆ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಏನೂ ಇಲ್ಲ."

"ದಾರ ಹಾಕಿದ್ದೀಯಾ?"

"ಇಲ್ಲ."

"ಮತ್ಯಾಕೆ ತುಳೀತಿದ್ದೀಯ?"

ಯಂತ್ರಕ್ಕೆ ತುಕ್ಕು ಹಿಡಿಯದ ಹಾಗೆ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ, "ನಿಮಗೆ ನಿದ್ದೆ ಬರಲಿ ಅಂತ," ಎಂದೆ.

ಅತ್ತಿಗೆ ಮುಷ್ಟಿದಿಂಬನ್ನು ತಲೆಯ ಕೆಳಗೆ ಸರಿಮಾಡಿಕೊಂಡರು.

"ಸ್ವಲ್ಪ ನಿಧಾನ ತುಳಿ," ಎಂದರು. "ಅಲ್ಲಿದ್ದದ್ದು ಇಷ್ಟು ಅವಸರ ಮಾಡ್ತಿರಲಿಲ್ಲ."

ನಿಧಾನ ಮಾಡಿದೆ. ಕತ್ತಲಾಗುತ್ತ ಬಂತು, ದೀಪ ಹಚ್ಚಲು ಏಳಲಿಲ್ಲ. ಅವರ ಉಸಿರು ಉದ್ದವಾಯಿತು, ಮುಚ್ಚಿದ್ದ ಮುಷ್ಟಿ ಹಾಸಿಗೆಯ ಮೇಲೆ ಬಿಚ್ಚಿಕೊಂಡಿತು. ನನ್ನ ಕಾಲು ನೋಯುತ್ತಿತ್ತು. ನಿಲ್ಲಿಸಲಿಲ್ಲ.